ಲಿಂಗನೂರಿನ ಮಕ್ಕಳಿಗೆ ಹೊಲಿಗೆ ಕಲಿಸುವವರು ಯಾರು?

ಮಹಾರಾಷ್ಟ್ರ ಸರಕಾರ 2024–25ರ ಶಾಲಾ ವರ್ಷಕ್ಕೆ ದೊಡ್ಡದೊಂದು ಕೆಲಸಕ್ಕೆ ಕೈಹಾಕಿತು. ಸರಕಾರಿ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆಲ್ಲ ಒಂದೇ ಬಣ್ಣದ ಸಮವಸ್ತ್ರ, ಬಟ್ಟೆಯ ಖರೀದಿ ರಾಜ್ಯಮಟ್ಟದಲ್ಲಿ, ಹೊಲಿಯುವ ಕೆಲಸ ಮಹಿಳಾ ಸ್ವಸಹಾಯ ಗುಂಪುಗಳಿಗೆ. ಊರಿನ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರಲಿ ಎಂಬ ಆಶಯ ಒಳ್ಳೆಯದೇ. ಆದರೆ ಜೂನ್‌ನಲ್ಲಿ ಶಾಲೆ ತೆರೆದು ತಿಂಗಳುಗಳು ಕಳೆದರೂ ಎಷ್ಟೋ ಶಾಲೆಗಳಿಗೆ ಅಂಗಿ ಮುಟ್ಟಲಿಲ್ಲ. ಮುಟ್ಟಿದವುಗಳ ಅಳತೆ ತಪ್ಪಿದೆ, ಬಟ್ಟೆ ಚೆನ್ನಾಗಿಲ್ಲ ಎಂಬ ದೂರು ಅಲ್ಲಲ್ಲಿಂದ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಸರಕಾರ ತೀರ್ಮಾನ ಬದಲಿಸಿ, 2025–26ರಿಂದ ಸಮವಸ್ತ್ರದ ಹೊಣೆಯನ್ನು ಶಾಲಾ ವ್ಯವಸ್ಥಾಪನ ಸಮಿತಿಗಳಿಗೇ ಮರಳಿ ಒಪ್ಪಿಸಿತು. ಸುದ್ದಿ ಅಲ್ಲಿಗೆ ತಣ್ಣಗಾಯಿತು.

ನಮಗೆ ಅದು ತಣ್ಣಗಾಗುವ ಸುದ್ದಿ ಅನ್ನಿಸುವುದಿಲ್ಲ. ಟೆಂಡರು, ಸಾಗಣೆ, ಬಟ್ಟೆಯ ಗುಣಮಟ್ಟ ಎಲ್ಲದರ ಬಗ್ಗೆಯೂ ಚರ್ಚೆಯಾಯಿತು. ಚರ್ಚೆಯಾಗದೆ ಉಳಿದದ್ದು ಒಂದು. ಆರು ವರ್ಷದಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಮೈ ಅಳೆಯುವುದು, ಆ ಅಳತೆಗಳಿಂದ ಸೈಜುಗಳನ್ನು ಕಟ್ಟುವುದು, ಬಟ್ಟೆಯ ಗುಣ ನೋಡಿ ಕತ್ತರಿಸುವುದು, ಬೆಳೆಯುವ ಮಗುವಿಗೆಂದು ಒಳಗೆ ಎಷ್ಟು ಬಟ್ಟೆ ಬಿಡಬೇಕೆಂದು ತಿಳಿಯುವುದು, ಇವೆಲ್ಲ ಕಲಿತು ಬರುವ ವಿದ್ಯೆ. ಕಲಿಸುವವರಿದ್ದರೆ ಮಾತ್ರ ಉಳಿಯುವ ವಿದ್ಯೆ. ಕಲಿಸುವವರ ಸಾಲು ಈಗ ತೆಳುವಾಗುತ್ತಿದೆ. ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಗಳು ಇಂಥ ಶಿಕ್ಷಕರನ್ನು ಹುಡುಕಿಕೊಂಡು ಹೊರಡಲಿವೆ, ಆಗ ಸಿಗುವುದಿಲ್ಲ. ಈ ಎಚ್ಚರಿಕೆಯನ್ನು ಕೊರತೆ ಎದ್ದು ಕಾಣುವ ಮೊದಲೇ ಬರೆದಿಡಬೇಕೆನ್ನಿಸಿತು.

ಕರ್ನಾಟಕದ ಗಡಿಗೆ ತಾಗಿಕೊಂಡಿರುವ, ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನ ಲಿಂಗನೂರಿನಂಥ ಊರನ್ನೇ ತೆಗೆದುಕೊಳ್ಳಿ. ಸುತ್ತಲೂ ಬಟ್ಟೆಯ ನಾಡು. ಪಡುವಣಕ್ಕೆ ಇಚಲಕರಂಜಿ. ಅಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹಾಕಿದರು, ಇಂದು ಊರಿಗೆ ಊರೇ ಮಗ್ಗದ ಸದ್ದಿನಲ್ಲಿ ಏಳುತ್ತದೆ. ಸಾಂಗಲಿ ಜಿಲ್ಲೆಯೊಳಗೇ ವಿಟಾದಲ್ಲಿ ಯಂತ್ರಮಗ್ಗಗಳಿವೆ. ಈಶಾನ್ಯಕ್ಕೆ ಸೊಲ್ಲಾಪುರದ ಚಾದರ, ಕೃಷ್ಣೆಯ ಕೆಳಗೆ ರಬಕವಿ–ಬನಹಟ್ಟಿ, ಇನ್ನೂ ಮುಂದೆ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ. ಈ ಭಾಗದ ಅಜ್ಜಿಯಂದಿರು ಉಟ್ಟದ್ದು ಇಳಕಲ್, ತೊಟ್ಟದ್ದು ಖಣದ ಕುಬಸ, ಮಳೆಗಾಲದಲ್ಲಿ ಹೊದ್ದದ್ದು ಹಳೇ ಸೀರೆಗಳ ಕೌದಿ. ಮರಾಠಿ ಮನೆಗಳಲ್ಲಿ ಅದೇ ವಾಕಳ. ಇಷ್ಟೆಲ್ಲದರ ನಡುವೆ ಬೆಳೆಯುವ ಹುಡುಗಿಯೊಬ್ಬಳು ‘ನಾನು ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಬೇಕು, ಬಟ್ಟೆಯ ಪಾಠ, ಹೊಲಿಗೆಯ ಪಾಠ ಹೇಳಬೇಕು’ ಎಂದು ಹೊರಟರೆ ಅವಳಿಗೆ ದಾರಿ ತೋರುವುದು ಕಷ್ಟ.

ದಾರಿಗಳು ಇಲ್ಲವೆಂದಲ್ಲ, ತುಂಡಾಗಿವೆ. ಐಟಿಐಗೆ ಹೋದರೆ ಒಂದು ವರ್ಷದ ಸ್ಯೂಯಿಂಗ್ ಟೆಕ್ನಾಲಜಿ. ಅದರ ಮೇಲೆ ಬೋಧಕರಾಗಲು ಇನ್ನೊಂದು ವರ್ಷದ ತರಬೇತಿ ಇದೆ. ಆದರೆ ಅದು ಐಟಿಐಗಳಿಗೆ ಬೋಧಕರನ್ನು ತಯಾರಿಸುತ್ತದೆ, ಆರನೇ ಇಯತ್ತೆಯ, ಅಂದರೆ ಆರನೇ ತರಗತಿಯ, ಮಗುವಿನ ಮುಂದೆ ನಿಲ್ಲುವವರನ್ನಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಟ್ಟೆ ಮತ್ತು ಉಡುಪಿನ ವಿಭಾಗವಿದೆ. ಬಣ್ಣದ ಹತ್ತಿ ಬೆಳೆದು, ಬಣ್ಣ ಹಾಕದೆಯೇ ಬಟ್ಟೆ ನೇಯುವ ಪ್ರಯೋಗಗಳಿಗೆ ಹೆಸರಾದ ವಿಶ್ವವಿದ್ಯಾಲಯ ಅದು. ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಗೃಹವಿಜ್ಞಾನದ ಪದವಿ ಈಗ ಸಮುದಾಯ ವಿಜ್ಞಾನವೆಂದು ಹೆಸರು ಬದಲಿಸಿಕೊಂಡಿದೆ. ಅಲ್ಲಿ ಓದಿದವರ ಕಣ್ಣು ಉದ್ಯಮ, ಸಂಶೋಧನೆ, ಫ್ಯಾಷನ್ ಕಡೆಗಿರುವುದು ಸಹಜ. ಶಾಲೆಯಲ್ಲಿ ಹುದ್ದೆಯೇ ಇಲ್ಲದಿದ್ದರೆ ಶಿಕ್ಷಕಿಯಾಗುತ್ತೇನೆಂದು ಯಾರು ಓದುತ್ತಾರೆ? ಓದುವವರಿಲ್ಲದಿದ್ದರೆ ಕಾಲೇಜುಗಳು ಆ ವಿಷಯವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತವೆ? ಕಾಲೇಜಿನಲ್ಲಿ ವಿಷಯ ಮುಚ್ಚಿದ ಮೇಲೆ ಶಾಲೆ ಹುದ್ದೆ ತೆರೆದರೂ ಬರುವವರು ಎಲ್ಲಿಂದ?

ಹೀಗೆ ವಿದ್ಯೆ ಮೂರು ಪಾಲಾಗಿದೆ. ಊರಿನ ಸಿಂಪಿಗನಿಗೆ, ಮನೆಯಲ್ಲೇ ಬ್ಲೌಸು ಹೊಲಿದು ಸಂಸಾರ ನಡೆಸುವ ಅಕ್ಕನಿಗೆ ಕೈ ಗೊತ್ತು. ಆದರೆ ಆ ಕೈ ಮಾಡುವುದನ್ನು ಮೂವತ್ತು ಮಕ್ಕಳಿಗೆ ಬಿಡಿಸಿ ಹೇಳುವ ಅಭ್ಯಾಸ ಅವರಿಗಿಲ್ಲ. ಪದವೀಧರೆಗೆ ನೂಲಿನ ನಂಬರು, ನೇಯ್ಗೆಯ ಬಗೆ, ಬಣ್ಣದ ರಸಾಯನ ಗೊತ್ತು. ಆದರೆ ತೋಳು ಕೂರಿಸುವಾಗ ಸುಕ್ಕು ಬಿದ್ದರೆ ಎಲ್ಲಿ ಬಿಚ್ಚಬೇಕೆಂಬುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಬಿ.ಎಡ್. ಮಾಡಿದವರಿಗೆ ಪಾಠದ ಟಿಪ್ಪಣಿ ಬರೆಯಲು ಬರುತ್ತದೆ, ಕತ್ತರಿ ಹಿಡಿದು ಕೂತದ್ದು ಕಡಿಮೆ. ಗಾರ್ಮೆಂಟ್ ಕಾರ್ಖಾನೆಗೆ ಹೋಗಿಬಂದವರ ಕಥೆ ಇನ್ನೂ ಬೇರೆ. ಅಲ್ಲಿ ಸಾಲಿನಲ್ಲಿ ಕೂತ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ವರ್ಷಗಟ್ಟಲೆ ಕಾಲರ್ ಮಾತ್ರ ಜೋಡಿಸಿದವಳು ಊರಿಗೆ ಮರಳಿದರೆ ಇಡೀ ಅಂಗಿ ಅವಳ ಕೈಯಲ್ಲಿರುವುದಿಲ್ಲ. ಅದು ಅವಳ ತಪ್ಪಲ್ಲ, ಆ ಕೆಲಸದ ಕಟ್ಟೋಣವೇ ಹಾಗೆ. ಹೊಲಿಗೆಯ ಶಿಕ್ಷಕಿ ಅಂದರೆ ಈ ಮೂರೂ ಪಾಲು ಒಬ್ಬಳಲ್ಲೇ ಕೂಡಿರಬೇಕು.

ಹಾಗೆ ಕೂಡಿದಾಗ ತರಗತಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಖಣವೊಂದೇ ಸಾಕು. ಗುಳೇದಗುಡ್ಡದ ಖಣ ಕಿರಿದಗಲದ ಬಟ್ಟೆ. ಎರಡೂ ಬದಿಗೆ ದಡಿ, ನಡುವೆ ಸಣ್ಣ ಬುಟ್ಟಾ. ಅಂಗಡಿಯವರು ಅದನ್ನು ತ್ರಿಕೋನವಾಗಿ ಮಡಿಚಿ ಇಡುವುದನ್ನು ನಾವೆಲ್ಲ ಕಂಡಿದ್ದೇವೆ. ಹಳೆಯ ಕುಬಸವನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆ ಕಾಣುವುದು ಚೌಕ, ಆಯತ, ತ್ರಿಕೋನದ ತುಂಡುಗಳು. ದಡಿ ಸರಿಯಾಗಿ ತೋಳಿನ ಅಂಚಿಗೆ, ಸೊಂಟದ ಅಂಚಿಗೆ ಬರುವಂತೆ ಲೆಕ್ಕ ಹಾಕಿ ಕತ್ತರಿಸಿದ್ದಾರೆ. ಮಡಿಚಿ ಹೊಲಿಯುವ ಬಟ್ಟೆ ಉಳಿಯಿತು, ದಡಿಯೇ ಗಟ್ಟಿ ಅಂಚಾಯಿತು. ಬಗಲಲ್ಲಿ ಒಂದು ಪುಟ್ಟ ತುಂಡು ಸೇರಿಸಿದ್ದರಿಂದ ತಲೆಯ ಮೇಲೆ ಕೊಡ ಹೊತ್ತು ಕೈ ಎತ್ತಿದರೂ ಕುಬಸ ಬಿಗಿಯುವುದಿಲ್ಲ. ವ್ಯರ್ಥವಾಗುವ ಬಟ್ಟೆ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದಲ್ಲಿ ಇಂದಿನ ಕಟೋರಿ ಬ್ಲೌಸನ್ನೋ ಪ್ರಿನ್ಸೆಸ್ ಕಟ್ ಬ್ಲೌಸನ್ನೋ ಇಡಿ. ಅದರ ತುಂಡುಗಳೆಲ್ಲ ಡೊಂಕು, ಮೈಯ ಉಬ್ಬು ತಗ್ಗುಗಳನ್ನು ಟಕ್ಸ್ ಹಿಡಿದೋ ಬಾಗಿದ ಹೊಲಿಗೆಯಿಂದಲೋ ಹಿಡಿಯುತ್ತದೆ. ಮೈಗೆ ಚೆನ್ನಾಗಿ ಕೂರುತ್ತದೆ, ಅಷ್ಟೇ ಬಟ್ಟೆ ಕತ್ತರಿಯ ಬಾಯಿಗೆ ಹೋಗುತ್ತದೆ. ಅಜ್ಜಿಯ ಲೆಕ್ಕ ಬಟ್ಟೆಯಿಂದ ಹೊರಟಿತ್ತು, ಇಂದಿನ ಲೆಕ್ಕ ಮೈಯಿಂದ ಹೊರಡುತ್ತದೆ. ಎಂಟನೇ ಇಯತ್ತೆಯ ರೇಖಾಗಣಿತ ಅಲ್ಲಿದೆ, ಖರ್ಚಿನ ಲೆಕ್ಕ ಅಲ್ಲಿದೆ. ಯಾವುದನ್ನೂ ಹಳತೆಂದು ಹೀಗಳೆಯದೆ ಎರಡನ್ನೂ ಮಕ್ಕಳ ಮುಂದಿಡಬಲ್ಲವಳು ಬೇಕು.

ಅದೇ ಮೇಜಿನ ಮೇಲೆ ಹಾಸು ಹೊಕ್ಕಿನ ಪಾಠವೂ ಆಗುತ್ತದೆ. ಬಟ್ಟೆಯನ್ನು ಹಾಸಿನ ಎಳೆಯ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಹೊಕ್ಕಿನ ಕಡೆಗೆ ಸ್ವಲ್ಪ ಜಗ್ಗುತ್ತದೆ, ಓರೆಯಾಗಿ ಎಳೆದರೆ ಚೆನ್ನಾಗಿ ಜಗ್ಗುತ್ತದೆ. ಕೊರಳಿಗೆ ಪೈಪಿಂಗ್ ಪಟ್ಟಿಯನ್ನು ಓರೆಯಾಗಿಯೇ ಯಾಕೆ ಕತ್ತರಿಸುತ್ತಾರೆಂದು ಮಗುವಿಗೆ ಕೈಯಿಂದಲೇ ತಿಳಿಯುತ್ತದೆ. ಕಸೂತಿಯೂ ಹೀಗೆಯೇ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಈ ನಾಲ್ಕು ಹೊಲಿಗೆಗಳಿಗೂ ಬಟ್ಟೆಯ ಎಳೆ ಎಣಿಸಲೇಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಬಟ್ಟೆಯ ಮೇಲ್ಮೈಗೂ ಹಿಂಬದಿಗೂ ಒಂದೇ ರೂಪ ಬರಬೇಕು. ಅದನ್ನು ಹೊಲಿದ ಮಗು ಎಣಿಕೆ ತಪ್ಪಿದರೆ ಎಲ್ಲಿಯವರೆಗೆ ಬಿಚ್ಚಬೇಕೆಂದು ತಾನೇ ಕಂಡುಕೊಳ್ಳುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವ ಕೊಂಡಿಯನ್ನು ತೋರಿಸಿದರೆ, ಯಂತ್ರಮಗ್ಗದಲ್ಲಿ ನೇಯ್ದ ಇಳಕಲ್ ಮಾದರಿಯ ಸೀರೆಗೂ ಕೈಮಗ್ಗದ್ದಕ್ಕೂ ಬೆಲೆ ಯಾಕೆ ಬೇರೆ ಎಂಬುದು ಸಂತೆಯಲ್ಲಿ ಮೋಸಹೋಗುವ ಮೊದಲೇ ಗೊತ್ತಾಗುತ್ತದೆ.

ನಾರಿನ ಪಾಠವನ್ನಂತೂ ಬಿಡುವಂತೆಯೇ ಇಲ್ಲ. ಒಂದೆಳೆ ಹತ್ತಿಯನ್ನು ಸುಟ್ಟರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯದು ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಾಳಿಯ ತೇವವನ್ನು ಹತ್ತಿ ತನ್ನ ಒಣತೂಕದ ಶೇಕಡಾ 8.5ರಷ್ಟು ಹೀರಿಕೊಂಡರೆ, ಪಾಲಿಯೆಸ್ಟರ್ ಹೀರುವುದು ಶೇಕಡಾ 0.4 ಮಾತ್ರ. ಏಪ್ರಿಲ್‌ನ ಬಿಸಿಲಲ್ಲಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಅಂಗಿ ತೊಟ್ಟ ಮಗು ಬೆವರಿ ಒದ್ದಾಡುವುದಕ್ಕೆ ಈ ಎರಡು ಅಂಕಿಗಳೇ ಕಾರಣ ಹೇಳುತ್ತವೆ. ಹಾಗೆಂದು ಟೆರಿಕಾಟನ್ನು ತೆಗಳಿ ಕೂರುವುದೂ ಸರಿಯಲ್ಲ. ಅದು ಬೇಗ ಒಣಗುತ್ತದೆ, ಬಾಳಿಕೆ ಬರುತ್ತದೆ, ಇಸ್ತ್ರಿ ಬೇಡುವುದಿಲ್ಲ. ಕೂಲಿಗೆ ಹೋಗುವ ತಾಯಿ ಅದನ್ನು ಬಯಸುವುದರಲ್ಲಿ ನ್ಯಾಯವಿದೆ. ಎರಡೂ ಮಾತು ಗೊತ್ತಿರುವ ಶಿಕ್ಷಕಿ ಸಮವಸ್ತ್ರದ ಬಟ್ಟೆ ಆರಿಸುವ ಸಭೆಯಲ್ಲಿದ್ದರೆ ಸಮಿತಿಯ ತೀರ್ಮಾನ ಬೇರೆಯಾದೀತು. ಬಟ್ಟೆಯ ಗುಣ ನೋಡುವುದು ದೇಶಕ್ಕೂ ಸಣ್ಣ ಮಾತಲ್ಲ: ಸ್ವತಂತ್ರ ಭಾರತದ ಮಾನಕಗಳಲ್ಲಿ ‘ಐಎಸ್ 1’ ಎಂಬ ಸಂಖ್ಯೆ ಸಂದದ್ದು ರಾಷ್ಟ್ರಧ್ವಜದ ಖಾದಿ ಬಟ್ಟೆಗೆ. ಆ ಮಾನಕದಂತೆ ಎಳೆ, ಬಣ್ಣ, ಹೊಲಿಗೆಯನ್ನೆಲ್ಲ ಪರೀಕ್ಷಿಸಿ ಧ್ವಜ ತಯಾರಿಸುವ ಘಟಕ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಾಗ ಖಾದಿಯ ಕೆಲಸಗಾರರು ಯಾಕೆ ನೊಂದರೆಂಬುದು, ಬಟ್ಟೆಯನ್ನು ಮುಟ್ಟಿ ಗುರುತಿಸಲು ಬಾರದ ಮಕ್ಕಳಿಗೆ ಹೇಗೆ ಅರ್ಥವಾದೀತು?

ಇದನ್ನೆಲ್ಲ ಶಾಲೆಗೆ ತರಬೇಕೆಂಬ ಯೋಚನೆ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮಂಡಿಸಿದಾಗ, ನೂಲುವುದು ನೇಯುವುದು ಕಲಿಕೆಯ ನಡುಮನೆಗೇ ಬಂದಿತ್ತು. ಕೊಠಾರಿ ಆಯೋಗ ಕಾರ್ಯಾನುಭವದ ಮಾತು ಹೇಳಿತು, ಮಹಾರಾಷ್ಟ್ರದ ಶಾಲೆಗಳಲ್ಲಿ ಆ ಹೆಸರಿನ ತಾಸು ಇಂದಿಗೂ ಉಂಟು. ಹಂಸಾ ಮೆಹತಾ ಕುಲಪತಿಯಾಗಿದ್ದಾಗ ಬರೋಡಾದಲ್ಲಿ 1950ರಲ್ಲಿ ಗೃಹವಿಜ್ಞಾನದ ವಿಭಾಗ ಆರಂಭವಾಯಿತು. ಮುಂದೆ 1960ರ ದಶಕದಲ್ಲಿ ಅವರದೇ ಅಧ್ಯಕ್ಷತೆಯ ಸಮಿತಿ, ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯ ಬೇಡ, ಮನೆಯ ವಿದ್ಯೆ ಇಬ್ಬರಿಗೂ ಇರಲಿ ಎಂದು ಹೇಳಿತು. ಅರವತ್ತು ವರ್ಷ ಕಳೆದರೂ ನಮ್ಮಲ್ಲಿ ಹೊಲಿಗೆಯ ತಾಸು ಬಂತೆಂದರೆ ಹುಡುಗರನ್ನು ಮೈದಾನಕ್ಕೆ ಕಳಿಸುವುದುಂಟು. ಸಿಂಪಿಗರ ಅಂಗಡಿಯಲ್ಲಿ ಮಶಿನ್ ತುಳಿಯುವವರು ಹೆಚ್ಚಾಗಿ ಗಂಡಸರೇ ಆಗಿರುವ ಊರುಗಳಲ್ಲಿ ಇದು ನಡೆಯುತ್ತಿರುವುದು ನಮ್ಮನ್ನು ಬಹಳ ನೋಯಿಸುತ್ತದೆ. ಈ ವಿಷಯ ಹೆಣ್ಣುಮಕ್ಕಳದ್ದೆಂದು ಮೂಲೆಗೆ ತಳ್ಳಿದ್ದರಿಂದಲೇ ಅದಕ್ಕೆ ಹುದ್ದೆಯೂ ಹಣವೂ ಬರಲಿಲ್ಲ.

ಎಚ್ಚರಿಕೆಗೆ ಈಗಲೇ ಯಾಕೆ ಹೊತ್ತು ಬಂತೆಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿಶಿಕ್ಷಣದ ಪರಿಚಯ ಕೇಳುತ್ತದೆ. 2025ರ ಹೊತ್ತಿಗೆ ಕಲಿಯುವವರಲ್ಲಿ ಅರ್ಧದಷ್ಟಾದರೂ ಮಂದಿಗೆ ಅದು ಮುಟ್ಟಬೇಕೆಂಬ ಗುರಿ ಆ ಕಡತದಲ್ಲೇ ಇದೆ. 2023ರ ಪಠ್ಯಕ್ರಮ ಚೌಕಟ್ಟು ಯಂತ್ರ ಮತ್ತು ಸಾಮಗ್ರಿಗಳೊಡನೆ ಕೆಲಸ ಮಾಡುವುದನ್ನು ಕಲಿಕೆಯ ಒಂದು ಕವಲಾಗಿ ಹೇಳಿದೆ, ‘ಕೌಶಲ್ ಬೋಧ್’ ಎಂಬ ಪುಸ್ತಕವೂ ಬಂದಿದೆ. ಊರಿನ ಕುಶಲಕರ್ಮಿಗಳನ್ನು ಶಾಲೆಗೆ ಕರೆದು ಕಲಿಸಲು ನೀತಿಯಲ್ಲಿ ಅವಕಾಶವಿದೆ. ಹಳ್ಳಿಯ ಶಾಲೆಗಳಿಗೆ ಇದೆಲ್ಲ ಬಂದಾಗ ಎಲ್ಲಕ್ಕಿಂತ ಅಗ್ಗವಾಗಿ, ಸುಲಭವಾಗಿ ಕೈಗೆ ಸಿಗುವ ಕಸುಬು ಹೊಲಿಗೆಯೇ. ಮಶಿನ್ ಕೊಡುವವರಿಗೂ ಕೊರತೆ ಇರುವುದಿಲ್ಲ.

ಭಯವಿರುವುದು ಅಲ್ಲೇ. ಮಶಿನ್ ಮೊದಲು ಬಂದು ಶಿಕ್ಷಕಿ ಬಾರದಿದ್ದರೆ ಮುಂದಿನದು ಎಲ್ಲರಿಗೂ ಗೊತ್ತಿದೆ. ಪಟ್ಟಾ ಹರಿಯುತ್ತದೆ, ಬಾಬಿನ್ ಕೇಸು ಕಳೆಯುತ್ತದೆ, ದಾರ ಮತ್ತೆ ಮತ್ತೆ ತುಂಡಾದಾಗ ಸೂಜಿ ತಿರುವುಮುರುವಾಗಿದೆಯೋ ಟೆನ್ಷನ್ ಬಿಗಿಯಾಗಿದೆಯೋ ನೋಡುವವರಿಲ್ಲದೆ ಮಶಿನ್ ಕೆಟ್ಟಿತೆಂದು ಮೂಲೆ ಸೇರುತ್ತದೆ. ತೆಳು ಬಟ್ಟೆಗೆ 11ರ ಸೂಜಿ, ಸಾಧಾರಣಕ್ಕೆ 14, ದಪ್ಪಕ್ಕೆ 16 ಎಂಬಷ್ಟು ತಿಳಿದಿದ್ದರೂ ಅರ್ಧ ತೊಂದರೆ ನೀಗುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಐದರಿಂದ ಏಳು ದಿನದ ಮೂಲ ತರಬೇತಿ, ಬೇಕಾದವರಿಗೆ 15 ದಿನದ ಮುಂದಿನ ತರಬೇತಿ, ಉಪಕರಣಕ್ಕೆ 15,000 ರೂಪಾಯಿ. ಕಸುಬು ಬಲ್ಲವರಿಗೆ ಇದು ಒಳ್ಳೆಯ ಆಸರೆ, ಅವರಿಗೆಂದೇ ರೂಪಿಸಿದ್ದು. ಶಿಕ್ಷಕರ ಕೊರತೆ ಬಿದ್ದಾಗ ಇಂಥ ವಾರದ ಪ್ರಮಾಣಪತ್ರವನ್ನೇ ಕಲಿಸುವ ಅರ್ಹತೆಯೆಂದು ಯಾರಾದರೂ ಒಪ್ಪಿಬಿಟ್ಟಾರೆಂಬುದು ನಮ್ಮ ಅಳುಕು. ಹಾಗಾದರೆ ಮಕ್ಕಳು ಒಂದು ಕೈಚೀಲ ಹೊಲಿದು, ಫೋಟೋ ತೆಗೆಸಿಕೊಂಡು, ಹೊಲಿಗೆ ಬಂತೆಂದು ನಂಬಿ ಹೊರಬೀಳುತ್ತಾರೆ.

ಪಾಲಕರು, ಮುಖ್ಯಾಧ್ಯಾಪಕರು ಕಣ್ಣಿಡಬೇಕಾದ ಗುರುತುಗಳಿವೆ. ಕಾರ್ಯಾನುಭವದ ತಾಸನ್ನು ಪರೀಕ್ಷೆಯ ಗಣಿತಕ್ಕೆ ಬಿಟ್ಟುಕೊಡುವುದು ರೂಢಿಯಾದಾಗ, ನಿವೃತ್ತರಾದ ಹೊಲಿಗೆ ಶಿಕ್ಷಕಿಯರ ಜಾಗ ವರ್ಷಗಟ್ಟಲೆ ಖಾಲಿ ಉಳಿದಾಗ, ಸಮವಸ್ತ್ರಕ್ಕೆ ಮಕ್ಕಳ ಮೈ ಅಳೆಯದೆ ಇಯತ್ತೆಯ ಲೆಕ್ಕದಲ್ಲಿ ಸೈಜು ಬರೆದು ಕಳಿಸಿದಾಗ ಎಚ್ಚರಗೊಳ್ಳಬೇಕು. ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರತೀಯರ ಮೈಗೆ ನಮ್ಮದೇ ಅಳತೆಯ ಪಟ್ಟಿ ಇರಲೆಂದು ನಿಫ್ಟ್ ಸಂಸ್ಥೆ ಕೈಗೊಂಡ ‘ಇಂಡಿಯಾಸೈಜ್’ ಯೋಜನೆ ಆರು ನಗರಗಳಲ್ಲಿ 25,000 ಜನರನ್ನು ಅಳೆಯಲು ಹೊರಟದ್ದು. ಅದರ ವಯಸ್ಸಿನ ಮಿತಿ 15ರಿಂದ 65. ಅಂದರೆ ಪ್ರಾಥಮಿಕ ಶಾಲೆಯ ಮಗು ಆ ಪಟ್ಟಿಯಲ್ಲೇ ಇಲ್ಲ. ಲಿಂಗನೂರಿನ ಹತ್ತು ವರ್ಷದ ಮಗುವಿನ ಎದೆ, ಸೊಂಟ, ಹೆಗಲು ಎಷ್ಟೆಂದು ಲಿಂಗನೂರೇ ಅಳೆದುಕೊಳ್ಳಬೇಕು. ಟೇಪು ಹಿಡಿಯಲು ಬಲ್ಲ ಒಬ್ಬ ಶಿಕ್ಷಕಿ, ಬರೆದುಕೊಳ್ಳುವ ಏಳನೇ ಇಯತ್ತೆಯ ಮಕ್ಕಳು ಇದ್ದರೆ ಅದು ಒಂದು ದಿನದ ಕೆಲಸ, ಗಣಿತದ ಪಾಠವೂ ಹೌದು.

ಭಾಷೆಯ ತೊಡಕನ್ನೂ ಹೇಳಬೇಕು. ಗಡಿಯ ಕನ್ನಡ ಮಕ್ಕಳಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಮುದ್ರಿಸುತ್ತದೆ, ಅದು ದೊಡ್ಡ ಉಪಕಾರ. ಆದರೆ ಹೊಲಿಗೆ, ಬಟ್ಟೆ ಕಲಿಸುವ ಶಿಕ್ಷಕಿಗೆ ತಕ್ಕ ಕೈಪಿಡಿ ಬೇಕೆಂದರೆ ಇಂಗ್ಲಿಷ್ ಪುಸ್ತಕ ಹುಡುಕಬೇಕು, ಇಲ್ಲವೇ ಮರಾಠಿಯ ಶಿವಣ ಪುಸ್ತಕ. ಮಗು ಮನೆಯಲ್ಲಿ ಕೇಳುವುದು ದಡಿ, ಸೆರಗು, ಕಾಜಾ, ಕಿಸೆ, ಅಸ್ತರ್ ಎಂಬ ಮಾತುಗಳನ್ನು. ಅವೇ ಮಾತುಗಳಿಂದ ಹೊರಟು ಬೇಕಾದಲ್ಲಿ ಡಾರ್ಟ್, ಪ್ಲ್ಯಾಕೆಟ್ ಸೇರಿಸಿಕೊಂಡು, ಚಿತ್ರಗಳೊಡನೆ ಬರೆದ ಕೈಪಿಡಿಯೊಂದನ್ನು ಧಾರವಾಡದ ತಜ್ಞರೂ ಮಿರಜದ ಸಿಂಪಿಗರೂ ಕೂತು ಮಾಡಬಹುದು. ಜೊತೆಗೆ ಪ್ರತಿ ಶಿಕ್ಷಕಿಯ ಬಳಿ ತಾನೇ ಹೊಲಿದ ಮಾದರಿಗಳ ಫೈಲಿರಬೇಕು. ಸಾದಾ ಜೋಡಣೆ, ಫ್ರೆಂಚ್ ಸೀಮ್, ಮಡಿಕೆ, ನೆರಿಗೆ, ಕಾಜಾ, ತೇಪೆ, ರಫು ಎಲ್ಲವೂ ಅದರಲ್ಲಿರಲಿ. ಕೆಟ್ಟ ಮಾದರಿಯನ್ನೂ ಪಕ್ಕದಲ್ಲಿಟ್ಟರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ನಾವು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ. ಧಾರವಾಡದ ಸಮುದಾಯ ವಿಜ್ಞಾನ ಕಾಲೇಜು ಮೇ ರಜೆಯಲ್ಲಿ ಗಡಿಭಾಗದ ಶಿಕ್ಷಕರಿಗೆ ಕನ್ನಡದಲ್ಲಿ ಆರು ವಾರದ ಶಿಬಿರ ನಡೆಸಲಿ, ಅದು ಮೂರು ಬೇಸಿಗೆ ಮುಂದುವರಿಯಲಿ. ಬೆಳಿಗ್ಗೆ ನಾರು, ನೂಲು, ನೇಯ್ಗೆ. ಮಧ್ಯಾಹ್ನ ಕತ್ತರಿ, ಮಶಿನ್. ಸಂಜೆ ಕಲಿತದ್ದನ್ನು ಕಲಿಸುವ ಅಭ್ಯಾಸ. ಕೊನೆಯ ಬೇಸಿಗೆಯ ಹೊತ್ತಿಗೆ ಶಿಕ್ಷಕಿ ತನ್ನ ಶಾಲೆಯ ಒಂದು ಮಗುವಿಗೆ ಅಳತೆ ತೆಗೆದು, ಖಾಕಿ ಕಾಗದದ ಮೇಲೆ ನಕ್ಷೆ ಬರೆದು, ಇಡೀ ಸಮವಸ್ತ್ರ ಹೊಲಿದು ತೊಡಿಸಿ ತೋರಿಸಲಿ. ಊರಿನ ಹೊಲಿಗೆಯ ಅಕ್ಕಂದಿರನ್ನೂ ಸಿಂಪಿಗರನ್ನೂ ಅದೇ ಶಿಬಿರಕ್ಕೆ ಕರೆಯಬೇಕು, ಬರಿದೇ ಅತಿಥಿಗಳಾಗಿ ಕರೆದು ಶಾಲು ಹೊದಿಸಿ ಕಳಿಸದೆ ಸಂಬಳ ಕೊಟ್ಟು ಕೂರಿಸಬೇಕು. ಅವರ ಒಂದು ದಿನದ ಗಳಿಕೆ ನಿಂತರೆ ಮನೆಯ ಒಲೆಗೆ ತೊಂದರೆ ಎಂಬುದನ್ನು ಮರೆಯಬಾರದು. ಇದರ ಖರ್ಚನ್ನು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರಬಹುದು. ಗಡಿಯಾಚೆಯ ಕನ್ನಡ ಶಾಲೆಗಳಿಗೆ ನೆರವಾಗುವುದು ಅದರ ಕೆಲಸದೊಳಗೇ ಬರುತ್ತದೆ. ಸಾಂಗಲಿ ಜಿಲ್ಲಾ ಪರಿಷತ್ತು ಶಿಕ್ಷಕರನ್ನು ಬಿಟ್ಟುಕೊಟ್ಟು, ಮುಗಿಸಿ ಬಂದವರಿಗೆ ವಾರಕ್ಕೆ ಎರಡು ತಾಸು ಕಾದಿಟ್ಟರೆ ಸಾಕು. ಮರಾಠಿ ಶಾಲೆಗಳ ಶಿಕ್ಷಕರೂ ಬರುವುದಾದರೆ ಬರಲಿ, ಕೌದಿಗೂ ವಾಕಳಕ್ಕೂ ಹೊಲಿಗೆ ಒಂದೇ.

ಮುಂದಿನ ಮೇ ತಿಂಗಳಿಗೆ ಮೊದಲ ತಂಡ ಕೂಡಬೇಕೆಂದರೆ ಅರ್ಜಿ, ಒಪ್ಪಿಗೆ, ಹಣ ಮಂಜೂರಿ ಎಲ್ಲವೂ ಈ ದೀಪಾವಳಿ ರಜೆ ಮುಗಿಯುವುದರೊಳಗೆ ಮೇಜಿನ ಮೇಲೆ ಬರಬೇಕು. ಲಿಂಗನೂರು ಸೇರಿ ಗಡಿಭಾಗದ ಪ್ರತಿ ಕನ್ನಡ ಶಾಲೆಯ ವ್ಯವಸ್ಥಾಪನ ಸಮಿತಿ ತನ್ನ ಮುಂದಿನ ಸಭೆಯ ನಡವಳಿಯಲ್ಲಿ ಎರಡು ಠರಾವು ಬರೆಸಲಿ: ನಮ್ಮ ಶಾಲೆಯಿಂದ ಇಂಥವರನ್ನು ತರಬೇತಿಗೆ ಕಳಿಸುತ್ತೇವೆ, ಬರುವ ಸಮವಸ್ತ್ರಕ್ಕೆ ಪ್ರತಿ ಮಗುವಿನ ಅಳತೆಯನ್ನೂ ನಾವೇ ತೆಗೆದು ಕೊಡುತ್ತೇವೆ.